ಬಾರದ ಪಾರ್ಸೆಲ್ ಬಿಚ್ಚುವ ವಿಡಿಯೊ ಕಳಿಸಬೇಕಂತೆ!

ಹೋದ ವರ್ಷ ಗಣೇಶ ಚೌತಿಗೆ ಇನ್ನೆರಡು ವಾರ ಇತ್ತು. ಒಂದು ಮಂಗಳವಾರ ಬೆಳಿಗ್ಗೆ 11 ಗಂಟೆ 42 ನಿಮಿಷಕ್ಕೆ ನನ್ನ ಮೊಬೈಲಿಗೆ ಮೆಸೇಜು ಬಂತು. "ನಿಮ್ಮ ರಿಟರ್ನ್ ಪಾರ್ಸೆಲ್ ತಲುಪಿಸಲಾಗಿದೆ." ಆ ಹೊತ್ತಿಗೆ ನಾನು ಮನೆಯಲ್ಲೇ ಇದ್ದೆ. ಬಾಗಿಲೂ ತೆರೆದೇ ಇತ್ತು. ಹೊರಗೆ ಹೋಗಿ ನೋಡಿದೆ, ಚಪ್ಪಲಿ ಸ್ಟ್ಯಾಂಡ್ ಬಿಟ್ಟರೆ ಏನೂ ಇಲ್ಲ. ಕೆಳಗಿಳಿದು ವಾಚ್‌ಮನ್ ಹತ್ತಿರ ಕೇಳಿದೆ. "ಯಾರೂ ಬಂದಿಲ್ಲ ಮ್ಯಾಡಮ್" ಅಂದ. ಪಕ್ಕದ ಮನೆ, ಮೇಲಿನ ಮನೆ, ಎದುರಿನ ಬಿಲ್ಡಿಂಗಿನ ಅದೇ ನಂಬರಿನ ಫ್ಲ್ಯಾಟು, ಎಲ್ಲ ಕಡೆ ಕೇಳಿ ಆಯಿತು. ಇಳಕಲ್ ಸೀರೆ, 4,200 ರೂಪಾಯಿಯದ್ದು, ಗೋಮಿ ದಡಿ, ಕೆಂಪು ರೇಷ್ಮೆ ಸೆರಗು… ನಾಗಪುರದಿಂದ ಹೊರಟು ಡೊಂಬಿವಲಿಗೆ ಬಂದು, ನನ್ನ ಮನೆಗೆ ಬಾರದೆಯೇ ನನಗೆ 'ತಲುಪಿ'ಬಿಟ್ಟಿತ್ತು!

ಕೊಂಡವರು 'ಬಣ್ಣ ಹಿಡಿಸಲಿಲ್ಲ' ಅಂತ ವಾಪಸು ಮಾಡಿದ್ದರು. ಅದಕ್ಕೆ ನನ್ನ ತಕರಾರಿಲ್ಲ. ಸೀರೆಯ ಬಣ್ಣ ಮೊಬೈಲಿನಲ್ಲಿ ಒಂದು ಥರ, ಬಿಸಿಲಿನಲ್ಲಿ ಇನ್ನೊಂದು ಥರ ಕಾಣೋದು ನಿಜವೇ. ಅವರ ಮನೆಯಿಂದ ಪಾರ್ಸೆಲ್ ಎತ್ತಿದ ದಿನವೇ ಅವರಿಗೆ ಹಣ ವಾಪಸಾಗಿದೆ. ಅದೂ ಸರಿಯೇ. ಆದರೆ ಆ ಹಣ ಹೋದದ್ದು ನನ್ನ ಲೆಕ್ಕದಿಂದ. ಹೋಗುವ ಸಾಗಣೆ, ಬರುವ ಸಾಗಣೆ, ಎರಡೂ ನನ್ನ ಲೆಕ್ಕದಿಂದಲೇ. ಸೀರೆ ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ.

ದೂರು ಬರೆದೆ. ಮಾರನೇ ದಿನ ಉತ್ತರ ಬಂತು. ಕ್ಲೇಮ್ ಪರಿಶೀಲಿಸಬೇಕಾದರೆ ಪಾರ್ಸೆಲ್ ಬಿಚ್ಚುವಾಗ ತೆಗೆದ ವಿಡಿಯೊ ಲಗತ್ತಿಸಬೇಕಂತೆ. ನಾನು ಎರಡು ಸಲ ಓದಿದೆ. ಪಾರ್ಸೆಲ್ ಬಂದೇ ಇಲ್ಲ ಅನ್ನೋದೇ ದೂರು ಕಣ್ರೀ, ಬಾರದ್ದನ್ನು ಬಿಚ್ಚೋದು ಹ್ಯಾಗೆ? ಹಾಗಂತಲೇ ಬರೆದೆ. ಎರಡು ದಿನದ ಮೇಲೆ, "ಅಗತ್ಯ ಸಾಕ್ಷ್ಯ ಒದಗಿಸದ ಕಾರಣ ನಿಮ್ಮ ಕ್ಲೇಮ್ ಮುಚ್ಚಲಾಗಿದೆ, ನಿಮ್ಮ ಅನುಭವಕ್ಕೆ 5 ನಕ್ಷತ್ರ ಕೊಡಿ" ಅಂತ ಬಂತು.

ಕೋಪ ಬಂದರೆ ಪಿತ್ತ ಏರುತ್ತೆ ಅಂತ ಒಂದು ಲೋಟ ಮಜ್ಜಿಗೆ ಕುಡಿದು, ಮತ್ತೆ ಟಿಕೆಟ್ ಹಾಕಿದೆ. ಈ ಸಲ ತಲುಪಿಸಿದ್ದಕ್ಕೆ ಪುರಾವೆ ಕೇಳಿದೆ. ಒಂದು ಚಿತ್ರ ಕಳಿಸಿದರು. ಅದರಲ್ಲಿ ಎರೆಹುಳ ಹರಿದಾಡಿದ ಹಾಗೆ ಒಂದು ಗೆರೆ. ಅದು ನನ್ನ ಸಹಿಯಂತೆ! ನಾನು ಸಹಿ ಮಾಡೋದು ಕನ್ನಡದಲ್ಲಿ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ, ಬ್ಯಾಂಕಿನವರು ಮುಖ ಸಿಂಡರಿಸಿದರೂ, 27 ವರ್ಷ ಕನ್ನಡದಲ್ಲೇ ಮಾಡಿದ್ದೀನಿ. ವಾಚ್‌ಮನ್ ರಿಜಿಸ್ಟರಿನ ಆ ದಿನದ ಪುಟದ ಫೋಟೊ ಕಳಿಸಿದೆ. ಬೆಳಗಿನ 11ರಿಂದ 12ರೊಳಗೆ ಬಂದವರು ಇಬ್ಬರೇ, ಹಾಲಿನವನು ಬಾಕಿ ವಸೂಲಿಗೆ, ಮತ್ತೆ ಮೂರನೇ ಮಹಡಿಗೆ ಪ್ಲಂಬರ್. ಅದಕ್ಕೆ ಬಂದ ಉತ್ತರ: ಕ್ಲೇಮ್ ಸಲ್ಲಿಸುವ ಅವಧಿ ಮುಗಿದಿದೆ. ಅವರೇ ಮೊದಲ ಟಿಕೆಟನ್ನು ಮುಚ್ಚಿ, ಎರಡನೆಯದನ್ನು ಹೊಸದು ಅಂತ ಎಣಿಸಿ, ಅವಧಿ ಮೀರಿಸಿದ್ದರು!

ಕಡೆಗೆ 31ನೇ ದಿನಕ್ಕೆ ನನ್ನ ಖಾತೆಗೆ 1,640 ರೂಪಾಯಿ ಬಂತು. ಪರಿಹಾರ ಅಂತಲ್ಲ, 'ಸದ್ಭಾವನೆ'ಯ ಮೊತ್ತ ಅಂತ. ನೇಕಾರರಿಗೆ ನಾನು ಕೊಟ್ಟದ್ದು 3,100. ಉಳಿದದ್ದರ ಲೆಕ್ಕ ನೀವೇ ಹಾಕಿಕೊಳ್ಳಿ.

ಮಾರ್ಕೆಟ್‌ಪ್ಲೇಸಿನ ಹೆಸರು ಬರೆಯಲ್ಲ. ಬರೆದರೆ "ಅದನ್ನು ಬಿಟ್ಟು ಇನ್ನೊಂದರಲ್ಲಿ ಮಾರಿ" ಅಂತ ನೀವು ಹೇಳ್ತೀರಿ. ನಾನು ಎರಡರಲ್ಲಿ ಮಾರಿ ನೋಡಿದ್ದೀನಿ. ಕರಾರುಪತ್ರದ ಭಾಷೆ ಬೇರೆ, ತಾತ್ಪರ್ಯ ಒಂದೇ.

ಈಗ ನನ್ನ ತಕರಾರಿಗೆ ಬರ್ತೀನಿ. ಪಾರ್ಸೆಲ್ ಕಳೆದುಹೋಯಿತು ಅನ್ನೋದಲ್ಲ ನನ್ನ ತಕರಾರು. ಸಾವಿರಾರು ಮೈಲಿ, ಹತ್ತಾರು ಕೈ, ಮಳೆಗಾಲದ ಟೆಂಪೊ; ಕಳೆಯುತ್ತೆ. ಕಳೆದದ್ದು ಯಾರ ಕೈಯಲ್ಲಿ ಇತ್ತೋ ಅವರು ಸಾಕ್ಷಿ ಕೊಡಬೇಕೋ, ಯಾರ ಕೈಯಲ್ಲಿ ಇರಲಿಲ್ಲವೋ ಅವರೋ? ಇಷ್ಟೇ ನನ್ನ ಪ್ರಶ್ನೆ.

ನಮ್ಮ ಕಡೆಯ ಸಂತೆಗಳನ್ನು ನೆನಪು ಮಾಡಿಕೊಳ್ಳಿ. ಬಾಗಲಕೋಟೆ ಕಡೆ ಬೆಳೆದವಳು ನಾನು, ಅಮ್ಮನ ಸೆರಗು ಹಿಡಿದು ಎಷ್ಟೋ ಸಂತೆ ತಿರುಗಿದ್ದೀನಿ. ಸಂತೆಯ ಗುತ್ತಿಗೆ ಹಿಡಿದವನು ಬರ್ತಿದ್ದ, ಜಕಾತಿ ಚೀಟಿ ಹರಿದು ಕೊಡ್ತಿದ್ದ, ಹೋಗ್ತಿದ್ದ. ಮೆಣಸಿನಕಾಯಿ ಮಾರಿದ ದುಡ್ಡು ಮಾರಿದವಳ ಸೊಂಟದ ಚೀಲಕ್ಕೇ ಹೋಗ್ತಿತ್ತು. ಬಂಡಿ ಹೊಡೆಯುವವನು ಬೇರೆ. ಜಗಳ ಆದರೆ ಬಿಡಿಸೋಕೆ ನಾಲ್ಕು ಜನ ಹಿರಿಯರು ಬೇರೆ. ಈ ಆನ್‌ಲೈನ್ ಸಂತೆಯಲ್ಲಿ ಜಕಾತಿ ಎತ್ತುವವನು, ಬಂಡಿ ಹೊಡೆಯುವವನು, ಗಲ್ಲಾಪೆಟ್ಟಿಗೆ ಕಾಯುವವನು, ನ್ಯಾಯ ಹೇಳುವವನು, ನಾಲ್ಕೂ ಒಬ್ಬನೇ. ಬಂಡಿಯಿಂದ ಮೂಟೆ ಬಿದ್ದರೆ ಅವನೇ ವಿಚಾರಣೆ ಮಾಡಿ, 'ಮೂಟೆ ಬಿದ್ದಿಲ್ಲ' ಅಂತ ತೀರ್ಪು ಕೊಟ್ಟು, ದಂಡವನ್ನು ಅವನೇ ಕಾಯುತ್ತಿರುವ ನನ್ನ ಗಲ್ಲಾದಿಂದ ಎತ್ತಿಕೊಳ್ತಾನೆ. ಇದಕ್ಕೆ 'ಕೇವಲ ಮಧ್ಯವರ್ತಿ' ಅಂತ ಹೆಸರು.

ಗೊತ್ತಿಲ್ಲದವರಿಗಾಗಿ, ಪಾರ್ಸೆಲ್ ಎಲ್ಲೆಲ್ಲಿ ಕಾಣೆಯಾಗುತ್ತೆ ಅಂತ ಸ್ವಲ್ಪ ಹೇಳ್ತೀನಿ. ಮೊದಲನೇ ಜಾಗ ನಮ್ಮ ಮನೆಯ ಬಾಗಿಲೇ. ಪಿಕಪ್ಪಿಗೆ ಬರುವ ಹುಡುಗ ಹನ್ನೆರಡು ಪಾರ್ಸೆಲ್ಲನ್ನು ಒಟ್ಟಿಗೆ ಚೀಲಕ್ಕೆ ತುಂಬಿ, "ಹಬ್ಬಿಗೆ ಹೋಗಿ ಸ್ಕ್ಯಾನ್ ಮಾಡ್ತೀನಿ" ಅಂತ ಹೊರಟುಬಿಡ್ತಾನೆ. ಅಲ್ಲಿ ಹನ್ನೊಂದೇ ಸ್ಕ್ಯಾನ್ ಆದರೆ? ಹನ್ನೆರಡನೆಯದನ್ನು ನೀವು ಕೊಟ್ಟೇ ಇಲ್ಲ. ಮೇಲಿಂದ ತಡ ಮಾಡಿದ್ದಕ್ಕೆ ದಂಡ. ಎರಡನೆಯದು, ಕ್ಯಾಶ್ ಆನ್ ಡೆಲಿವರಿಯಲ್ಲಿ ಬೇಡ ಅಂದ ಮಾಲು. ಅದು ಬಂದ ದಾರಿಯಲ್ಲೇ ವಾಪಸು ಬರಬೇಕು, ಆದರೆ ಹೋಗುವಾಗ ಇರುವ ಅವಸರ ಬರುವಾಗ ಯಾರಿಗೂ ಇರಲ್ಲ. ಹೋಗೋಕೆ ನಾಲ್ಕು ದಿನ, ಬರೋಕೆ ನಲವತ್ತು ದಿನ. ಹಬ್ಬ ಮುಗಿದ ಮೇಲೆ ಬಂದ ಖಣದ ಬಟ್ಟೆಯನ್ನು ಯಾರಿಗೆ ಮಾರಲಿ?

ತೂಕದ ಜಗಳ ಬೇರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರೋದು ಅವರ ಕಿಲೊ. ನನ್ನ ಸೀರೆಯ ಕವರು 30, 25, 5. ಅಂದರೆ ಮುಕ್ಕಾಲು ಕಿಲೊ. ಹಬ್ಬಿನಲ್ಲಿ ಅದೇ ಕವರು ಎರಡೂವರೆ ಕಿಲೊ ಆಗಿರುತ್ತೆ, ದಾರಿಯಲ್ಲಿ ಬಾಣಂತನ ಆಯಿತೋ ಏನೋ :)

ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಮಾಲು ಬದಲಾಗಿ ಬಂದಾಗ. ಈ ಮಾರ್ಚಿನಲ್ಲಿ, ಯುಗಾದಿ ಸುಮಾರಿಗೆ, ಒಂದು ರಿಟರ್ನ್ ಬಂತು. ನಾನೂ ಈಗ ಪಾಠ ಕಲಿತವಳು. ಮಗನಿಗೆ ಮೊಬೈಲು ಹಿಡಿಯಲು ಹೇಳಿ, ಲೇಬಲ್ಲಿನ ನಂಬರ್ ತೋರಿಸಿ, ಎಲ್ಲೂ ನಿಲ್ಲಿಸದೆ ಒಂದೇ ಪಟ್ಟಿನಲ್ಲಿ ಬಿಚ್ಚಿದೆ. ಒಳಗೆ ಸೀರೆ ಇತ್ತು. ಬಣ್ಣವೂ ಹತ್ತಿರ ಹತ್ತಿರ ಅದೇ. ಆದರೆ ಕೈಗೆ ತಗೊಂಡ ಕೂಡಲೇ ಗೊತ್ತಾಯಿತು, ಇದು ಪಾಲಿಸ್ಟರಿನ ಮಿಲ್ ಸೀರೆ. ನಿಜವಾದ ಇಳಕಲ್ಲಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಕೂಡಿಸ್ತಾರೆ. ಸೆರಗು ಶುರುವಾಗುವ ಕಡೆ ಬೆರಳು ಆಡಿಸಿದರೆ ಆ ಸೇರಿಕೆ ಸಿಗುತ್ತೆ. ಒಂದೊಂದು ಎಳೆಯನ್ನೂ ಕೂಡಿಸಬೇಕಾದದ್ದರಿಂದಲೇ ಅದಕ್ಕೆ ಅಷ್ಟು ಬೆಲೆ. ಬಂದ ಸೀರೆಯಲ್ಲಿ ಸೆರಗು ಅಚ್ಚು ಹಾಕಿದ್ದು, ಕೊಂಡಿ ಅನ್ನೋ ಮಾತೇ ಇಲ್ಲ. ವಿಡಿಯೊ, ಎರಡೂ ಸೀರೆಗಳ ಫೋಟೊ, ನೇಕಾರರ ಬಿಲ್ಲು, ಎಲ್ಲ ಕಳಿಸಿದೆ. ಬಂದ ತೀರ್ಪು ಹೀಗಿತ್ತು: "ಕಳಿಸಿದ ವಸ್ತು: ಸೀರೆ, ಕೆಂಪು. ಬಂದ ವಸ್ತು: ಸೀರೆ, ಕೆಂಪು. ವಸ್ತು ಹೊಂದಿಕೆಯಾಗಿದೆ."

ಈ ತೀರ್ಪು ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲೋ ಕೂತ ಯಾವುದೋ ಹುಡುಗಿಯೋ, ಮನುಷ್ಯರೇ ಅಲ್ಲದ ಯಾವುದೋ ಪ್ರೋಗ್ರಾಮೋ. ಮೊಬೈಲು ಬದಲು ಸೋಪು ಬಂದರೆ ಅದಕ್ಕೆ ಗೊತ್ತಾಗುತ್ತೆ. ಕೈಮಗ್ಗ ಬದಲು ಮಿಲ್ಲು ಬಂದರೆ ಗೊತ್ತಾಗಲ್ಲ. ಅಂದಮೇಲೆ ಕೈಮಗ್ಗ ಮಾರಿಸುವ ಸಂತೆ ಯಾಕೆ ನಡೆಸಬೇಕು? ಮುಖಪುಟದಲ್ಲಿ 'ನೇಕಾರರಿಂದ ನೇರ ನಿಮ್ಮ ಮನೆಗೆ' ಅಂತ ದೊಡ್ಡ ಅಕ್ಷರದಲ್ಲಿ ಹಾಕಿಕೊಳ್ಳುವವರು, ಆ ನೇಕಾರರ ಮಾಲನ್ನು ಗುರುತು ಹಿಡಿಯಬಲ್ಲ ಒಬ್ಬ ಮನುಷ್ಯನನ್ನು ಕೂರಿಸಲಾರರೇ?

ಕಾನೂನು ಏನು ಹೇಳುತ್ತೆ ಅಂತ ಕೇಳ್ತೀರಿ. ನಾನು ವಕೀಲೆಯಲ್ಲ, ಆದರೆ ಒಂದು ತಿಂಗಳು ಇದನ್ನೇ ಓದಿದ್ದೀನಿ. 1865ರಲ್ಲಿ, ಅಂದರೆ ರಾಣಿ ವಿಕ್ಟೋರಿಯಾ ಕಾಲದಲ್ಲಿ, ಈ ದೇಶದಲ್ಲಿ ಸಾಗಣೆದಾರರ ಕಾಯಿದೆ ಬಂತು. ಅದರ 9ನೇ ಕಲಮು ನಮ್ಮಂಥವರಿಗೇ ಬರೆದ ಹಾಗಿದೆ. ಮಾಲು ಕಳೆದರೆ, ಕೆಟ್ಟರೆ, ತಲುಪದಿದ್ದರೆ, ದಾವೆ ಹೂಡಿದವರು ಸಾಗಣೆದಾರನ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕಾಗಿಲ್ಲ. ಮಾಲು ಅವನ ಕೈಯಲ್ಲಿತ್ತು, ಏನಾಯಿತು ಅಂತ ಅವನೇ ಹೇಳಲಿ ಅಂತ. ಅದರ ಬದಲಿಗೆ 2007ರಲ್ಲಿ ರಸ್ತೆ ಸಾಗಣೆಯ ಹೊಸ ಕಾಯಿದೆ ಆಯಿತು, 2011ರಲ್ಲಿ ಜಾರಿಗೆ ಬಂತು. ಈ ತತ್ವವನ್ನು ಅದರಲ್ಲೂ ಉಳಿಸಿಕೊಂಡರು. ಎತ್ತಿನ ಬಂಡಿಯ ಕಾಲದವರಿಗೆ ಹೊಳೆದ ನ್ಯಾಯ ಇದು. ಆದರೆ ನಮಗೆ ಅದು ದಕ್ಕಲ್ಲ, ಯಾಕಂದರೆ ಕೊರಿಯರಿನವರ ಜೊತೆ ಒಪ್ಪಂದ ಇರೋದು ನನಗಲ್ಲ, ಮಾರ್ಕೆಟ್‌ಪ್ಲೇಸಿಗೆ. ಕೊರಿಯರಿನವರನ್ನು ಆರಿಸುವವರು ಅವರು, ರೇಟು ಮಾತಾಡುವವರು ಅವರು, ಕಳೆದರೆ ಅನುಭವಿಸುವವಳು ನಾನು. ನಾನು ಒಪ್ಪಂದ ಮಾಡಿಕೊಂಡದ್ದು ಮಾರ್ಕೆಟ್‌ಪ್ಲೇಸಿನ ಜೊತೆ, ಅದರಲ್ಲಿ 'ನಮ್ಮ ನಿರ್ಧಾರವೇ ಅಂತಿಮ' ಅಂತ ನಾನೇ ಟಿಕ್ ಹಾಕಿ ಒಪ್ಪಿಕೊಂಡಿದ್ದೀನಿ.

2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಇ-ಕಾಮರ್ಸ್ ನಿಯಮಗಳನ್ನು ತಂದಿತು. ಗ್ರಾಹಕರ ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು, ದೂರು ಅಧಿಕಾರಿಯ ಹೆಸರು ಹಾಕಬೇಕು. ಒಳ್ಳೆಯ ನಿಯಮ. ಆದರೆ ಅದು ಗ್ರಾಹಕ ಸಂರಕ್ಷಣೆಯ ಕಾಯಿದೆಯ ಕೆಳಗೆ ಬಂದದ್ದು, ಆ ಕಾಯಿದೆಯಲ್ಲಿ ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆಯುವವರು ಗ್ರಾಹಕರಲ್ಲ. ಅಂದರೆ ನಾನಲ್ಲ. ಸರಿ, ಸಣ್ಣ ಉದ್ದಿಮೆ ಅಂತ ಹೋಗೋಣ ಅಂದರೆ, ನನ್ನಂಥ ಚಿಲ್ಲರೆ ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ಕೊಟ್ಟಾಗಲೇ, ಇದರ ಲಾಭ ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ ಅಂತ ಗೆರೆ ಎಳೆದಿದ್ದಾರೆ. ಗ್ರಾಹಕಳೂ ಅಲ್ಲ, ಪೂರ್ತಿ ಉದ್ಯಮಿಯೂ ಅಲ್ಲ. ಅತ್ತ ದರಿ ಇತ್ತ ಪುಲಿ.

ಹಿಂದೆ ವಿ.ಪಿ.ಪಿ. ಅಂತ ಇತ್ತು, ನೆನಪಿದೆಯಾ? ನಮ್ಮ ಅಪ್ಪ ಪುಸ್ತಕ ತರಿಸ್ತಿದ್ದದ್ದು ಹಾಗೇ. ಪೋಸ್ಟ್‌ಮನ್ ಕಟ್ಟು ತರ್ತಿದ್ದ, ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು, ಆ ದುಡ್ಡು ಮನಿಯಾರ್ಡರಿನಲ್ಲಿ ಮಾರಿದವರಿಗೆ ಹೋಗ್ತಿತ್ತು. ಅಂಚೆ ಇಲಾಖೆಗಂತೂ ಕಳೆದದ್ದಕ್ಕೆ ಹೊಣೆಯಿಲ್ಲ ಅಂತ 1898ರ ಕಾಯಿದೆಯಲ್ಲೇ ಬರೆದುಕೊಂಡಿದ್ದರು. 2023ರ ಹೊಸ ಕಾಯಿದೆಯಲ್ಲೂ ಆ ವಿನಾಯಿತಿ ಮುಂದುವರಿದಿದೆ. ಅದನ್ನು ನಾನು ಹೊಗಳ್ತಿಲ್ಲ. ಆದರೆ ತಮಾಷೆ ನೋಡಿ, ಹೊಣೆಯೇ ಇಲ್ಲದ ಆ ಅಂಚೆಯವರು 2025ರ ಅಕ್ಟೋಬರಿನಿಂದ ಸ್ಪೀಡ್ ಪೋಸ್ಟಿಗೆ 5 ರೂಪಾಯಿ, ಮೇಲೊಂದಿಷ್ಟು ಜಿಎಸ್‌ಟಿ ಜಾಸ್ತಿ ಕೊಟ್ಟರೆ, ಓಟಿಪಿ ಹೇಳಿದವರಿಗೆ ಮಾತ್ರ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಗಣಕಯಂತ್ರದಲ್ಲೇ ಹುಟ್ಟಿ ಬೆಳೆದ ಸಂತೆಯವರು, ನನಗೆ ರಿಟರ್ನ್ ಕೊಡುವಾಗ ಎರೆಹುಳದ ಗೆರೆಗೇ ತೃಪ್ತರು.

ಇನ್ನೊಂದು ಪಕ್ಷವೂ ಇದೆ, ಹೇಳದಿದ್ದರೆ ತಪ್ಪಾಗುತ್ತೆ. ಮಾರುವವರೆಲ್ಲ ಸಾಚಾ ಅಲ್ಲ. ಖಾಲಿ ಡಬ್ಬ ಕಳಿಸುವವರಿದ್ದಾರೆ, ಬಂದ ಮಾಲನ್ನು ಬಂದಿಲ್ಲ ಅಂತ ಕ್ಲೇಮ್ ಹಾಕುವವರಿದ್ದಾರೆ. ಪವರ್‌ಲೂಮ್ ಸೀರೆಯನ್ನು ಕೈಮಗ್ಗ ಅಂತ ಮಾರುವವರಂತೂ ನಮ್ಮ ಲೈನಿನಲ್ಲಿ ಬೇಕಾದಷ್ಟು. ಅವರನ್ನು ತಡೆಯೋಕೆ ಸಾಕ್ಷಿ ಕೇಳಲಿ, ಬೇಡ ಅಂದವರು ಯಾರು? ಮತ್ತೆ ನಾನೂ ಕೊಳ್ಳುವವಳೇ. ಹೋದ ದೀಪಾವಳಿಗೆ ಮಿಕ್ಸರ್ ಜಾರ್ ಸೀಳು ಬಂದಿತ್ತು. ಫೋಟೊ ಹಾಕಿದ ಹತ್ತು ನಿಮಿಷಕ್ಕೆ ರಿಫಂಡು. "ಎಷ್ಟು ಒಳ್ಳೆಯವರು!" ಅಂತ ಎದುರಿನ ಮನೆಯ ವಹಿನಿಗೂ ಹೇಳಿಬಂದೆ. ಆ ಹಣ ಯಾರ ಗಲ್ಲಾದಿಂದ ಬಂತು ಅಂತ ಆವತ್ತು ಯೋಚಿಸಲಿಲ್ಲ. ಎಲ್ಲೋ ಒಬ್ಬ ಜಾರ್ ಮಾರುವವನು ನನ್ನ ಹಾಗೇ ಟಿಕೆಟ್ ಮೇಲೆ ಟಿಕೆಟ್ ಹಾಕ್ತಾ ಕೂತಿರಬೇಕು. ಧಾರಾಳತನ ಅವರದ್ದು, ಕಿಸೆ ನಮ್ಮದು.

ನನ್ನ ಭಾವ, ಪುಣೆಯಲ್ಲಿ ಲೆಕ್ಕಪರಿಶೋಧಕರು, ಒಂದು ಉಪಾಯ ಹೇಳಿದರು. "ವ್ಯಾಪಾರ ಅಂದಮೇಲೆ ಇದೆಲ್ಲ ಇದ್ದದ್ದೇ. ನೂರಕ್ಕೆ ಐದು ಹೋಗುತ್ತೆ ಅಂತಿಟ್ಟುಕೋ, ಬೆಲೆಯಲ್ಲಿ ಸೇರಿಸಿಬಿಡು." ತಿಂಗಳಿಗೆ ಹತ್ತು ಸಾವಿರ ಆರ್ಡರ್ ಇರುವವರಿಗೆ ಈ ಮಾತು ಸರಿ. ಅವರಿಗೆ ಐದು ಅಂದರೆ ಐದೇ ಆಗುತ್ತೆ. ನನಗೆ ತಿಂಗಳಿಗೆ ಅರವತ್ತು. ಒಂದು ತಿಂಗಳು ಒಂದೂ ಹೋಗಲ್ಲ, ಇನ್ನೊಂದು ತಿಂಗಳು ನಾಲ್ಕು ಹೋಗುತ್ತೆ, ನಾಲ್ಕೂ ಇಳಕಲ್ಲೇ ಆಗಿರುತ್ತೆ. ಬೆಲೆ ಏರಿಸಿದರೆ ಪಕ್ಕದಲ್ಲೇ ಅದೇ ಫೋಟೊ ಹಾಕಿದ ಮಿಲ್ ಸೀರೆ 899ಕ್ಕೆ ಕೂತಿರುತ್ತೆ. ಏರಿಸದಿದ್ದರೆ ಆ ಐದನ್ನು ಎಲ್ಲಿಂದ ತರಲಿ? ನೇಕಾರರಿಗೆ ಫೋನ್ ಮಾಡಿ ಇನ್ನೂರು ಕಡಿಮೆ ಮಾಡಿ ಅಂತ ಕೇಳಬೇಕು. ಹೋದ ವರ್ಷ ಕೇಳಿಯೂ ಕೇಳಿದೆ. ಆ ಕಡೆಯಿಂದ ಆ ಮನೆಯ ಹೆಂಗಸು ಅಂದರು, "ಅಕ್ಕಾರ, ಕಳದಿದ್ದು ಬೊಂಬಾಯಾಗ, ಕಡಿಮಿ ಮಾಡೂದು ಇಲ್ಲೇನ್ರಿ?" ನನಗೆ ಮಾತು ಹೊರಡಲಿಲ್ಲ. ಮಾರ್ಕೆಟ್‌ಪ್ಲೇಸಿನವರು ನನಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡೋಕೆ ಹೊರಟಿದ್ದೆ.

ಪಿಕಪ್ಪಿನ ಹುಡುಗನದ್ದೂ ಅದೇ ಕಥೆ. ಕಲಬುರಗಿ ಕಡೆಯವನು, ಕಲ್ಯಾಣದಲ್ಲಿ ನಾಲ್ವರ ಜೊತೆ ಒಂದು ಖೋಲಿಯಲ್ಲಿದ್ದಾನೆ. ಸ್ಕ್ಯಾನ್ ಆಗದ ಪಾರ್ಸೆಲ್ ಬಗ್ಗೆ ದೂರು ಹಾಕ್ತೀನಿ ಅಂದಾಗ ಬಾಗಿಲಲ್ಲೇ ನಿಂತುಬಿಟ್ಟ. "ಹಾಕಬ್ಯಾಡ್ರಿ ಅಕ್ಕಾರ, ನನ್ನ ಪಗಾರದಾಗ ಹಿಡೀತಾರ್ರಿ. ದಿನಾ ನೂರಾ ಇಪ್ಪತ್ತ ಎತ್ತಬೇಕ್ರಿ, ಒಂದೊಂದ ಸ್ಕ್ಯಾನ ಮಾಡಕೋಂತ ನಿಂತ್ರ ರಾತ್ರಿ ಆಗ್ತದ." ದೂರು ಹಾಕಲಿಲ್ಲ. 780 ರೂಪಾಯಿಯ ಖಣದ ಬ್ಲೌಸ್ ಪೀಸು ಹೋಯಿತು. ಹಾಕಿದ್ದರೆ ಅವನ ಸಂಬಳ ಹೋಗ್ತಿತ್ತು. ಎರಡರಲ್ಲಿ ಯಾವುದಾದರೂ ಅವರದ್ದು ಏನೂ ಹೋಗ್ತಿರಲಿಲ್ಲ, ಗಮನಿಸಿ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ನನ್ನ ಬಾಗಿಲಲ್ಲಿ ಸ್ಕ್ಯಾನ್ ಮಾಡಿ, ಅದಕ್ಕೆ ಬೇಕಾದಷ್ಟು ಸಮಯ ಆ ಹುಡುಗನಿಗೆ ಕೊಡಿ. ವಾಪಸು ಕೊಡುವಾಗ ಕೊಳ್ಳುವವರ ಹತ್ತಿರ ಕೇಳುವ ಓಟಿಪಿಯನ್ನೇ ನನ್ನ ಹತ್ತಿರವೂ ಕೇಳಿ. ಕೊಂಡವರಿಗೆ ತಕ್ಷಣ ದುಡ್ಡು ಕೊಡಿ, ಸಂತೋಷ. ಆದರೆ ಮಾಲು ನನ್ನ ಕೈ ಸೇರುವ ತನಕ ಅದು ನಿಮ್ಮ ದುಡ್ಡಾಗಿರಲಿ, ನನ್ನದಲ್ಲ. ನಿಮ್ಮ ಕೈಯಲ್ಲಿ ಕಳೆದರೆ ಬಿಲ್ಲಿನ ಬೆಲೆ ಕೊಡಿ, ಸದ್ಭಾವನೆ ಬೇಡ. ಕೊಳ್ಳುವವರ ದೂರಿಗೆ ಸರ್ಕಾರ ಒಂದು ತಿಂಗಳು ಅಂತ ಗಡುವು ಹಾಕಿದ ಹಾಗೆ ಮಾರುವವರ ದೂರಿಗೂ ಹಾಕಲಿ.

ಅಲ್ಲಿಯ ತನಕ, ನಿಮ್ಮಲ್ಲಿ ಯಾರಾದರೂ ಉಪ್ಪಿನಕಾಯಿಯೋ ಚಟ್ನಿಪುಡಿಯೋ ಸೀರೆಯೋ ಹೀಗೆ ಮಾರ್ತಿದ್ದರೆ, ನಾನು ಕೆಟ್ಟು ಕಲಿತದ್ದು ಇಷ್ಟು. ಪ್ಯಾಕ್ ಮಾಡುವಾಗಲೂ ಬಿಚ್ಚುವಾಗಲೂ ಲೇಬಲ್ ಕಾಣುವ ಹಾಗೆ ನಿಲ್ಲಿಸದೆ ವಿಡಿಯೊ ತೆಗೆಯಿರಿ. ತಕ್ಕಡಿಯ ಮೇಲಿಟ್ಟು, ಪಕ್ಕದಲ್ಲಿ ಟೇಪು ಹಿಡಿದು ಫೋಟೊ ತೆಗೆಯಿರಿ. ಪಿಕಪ್ಪಿನ ಪಟ್ಟಿಯ ಮೇಲೆ ಹುಡುಗನ ಸಹಿ, ಹೊತ್ತು ಎರಡೂ ಬರೆಸಿಕೊಳ್ಳಿ. 'ಡೆಲಿವರ್ಡ್' ಅಂತ ಬಂದು ಮಾಲು ಬಾರದಿದ್ದರೆ ಅದೇ ದಿನ ದೂರು ಹಾಕಿ, ಮುಚ್ಚಿದರೆ ಹೊಸ ಟಿಕೆಟ್ ಹಾಕಬೇಡಿ, ಹಳೆಯದನ್ನೇ ತೆರೆಸಿ. ಎರಡು ಸಾವಿರದ ಮೇಲಿನ ಮಾಲಿಗೆ ಕ್ಯಾಶ್ ಆನ್ ಡೆಲಿವರಿ ತೆಗೆದುಬಿಡಿ. ಇಳಕಲ್ ಸೀರೆಯನ್ನು ನಾನೀಗ ಅಲ್ಲಿ ಇಡೋದೇ ಇಲ್ಲ. ಗುರುತಿನವರಿಗೆ ಫೋನಿನಲ್ಲೇ ತೋರಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸ್ತೀನಿ. ಮಾರಾಟ ಅರ್ಧಕ್ಕೆ ಇಳಿದಿದೆ, ಸುಳ್ಳು ಯಾಕೆ ಹೇಳಲಿ.

ಈಗ ಒಂಬತ್ತು ಪಾರ್ಸೆಲ್ ಬಾಗಿಲ ಹತ್ತಿರ ಸಾಲಾಗಿ ಕೂತಿವೆ, ಎಲ್ಲ ಖಣದ್ದು. ಹುಡುಗ ನಾಲ್ಕು ಗಂಟೆಗೆ ಬರ್ತಾನೆ. ಒಂದೊಂದಾಗಿ ಸ್ಕ್ಯಾನ್ ಮಾಡದೆ ಕೊಡಲ್ಲ ಅಂತ ಹೇಳಿದ್ದೀನಿ. ಅವನು ಬರುವ ಹೊತ್ತಿಗೆ ಚಹಾ ಇಟ್ಟಿರ್ತೀನಿ ಅಂತಲೂ ಹೇಳಿದ್ದೀನಿ.